ಮಳೆ ಹೊರಗೆ, ಬೆವರು ಒಳಗೆ

ಮಳೆ ತಡೆದು ಬೆವರು ಬಿಡುವ ಅಂಗಿಗೆ ವಹಿಸಿದ ಕೆಲಸ ಎರಡು. ಹೊರಗಿನ ನೀರು ಒಳಗೆ ಬರಬಾರದು, ಮೈಯ ಆವಿ ಒಳಗೆ ನಿಲ್ಲಬಾರದು. ಬೀಗರನ್ನು ಬೀಳ್ಕೊಡುತ್ತ ಅದೇ ಬಾಗಿಲಲ್ಲಿ ಸಾವಕಾರನನ್ನು ತಡೆದು ನಿಲ್ಲಿಸುವಷ್ಟು ನಾಜೂಕಿನ ಕೆಲಸವಿದು.

ಮೊದಲರ್ಧ ಬೇಗ ಕೈಗೂಡಿತು. ಕಿತ್ತೂರಿನ ಕೋಟೆಯ ಮುಂದೆ ಕಂಪನಿ ಸರಕಾರದ ಕಲೆಕ್ಟರ್ ಥ್ಯಾಕರೆ ಸತ್ತ 1824ಕ್ಕೆ ಒಂದು ವರ್ಷ ಮೊದಲು, ಸ್ಕಾಟ್‌ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಬಳಿದು ಪೇಟೆಂಟ್ ಪಡೆದ. ಮಳೆ ನಿಂತಿತು, ಜೊತೆಗೆ ಬೆವರೂ ಒಳಗೇ ನಿಂತಿತು. ಉಳಿದರ್ಧಕ್ಕೆ 1969ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಬಾಬ್ ಗೋರ್, ಕಾಯಿಸಿದ ಟೆಫ್ಲಾನ್ ಕಡ್ಡಿಯನ್ನು ನಿಧಾನವಾಗಿ ಎಳೆದೆಳೆದು ಸಾಕಾಗಿ ಒಮ್ಮೆ ರಪ್ಪನೆ ಜಗ್ಗಿದ. ಅದು ಮುರಿಯಲಿಲ್ಲ, ಎಂಟು ಹತ್ತು ಪಟ್ಟು ಹಿಗ್ಗಿತು, ಮೈತುಂಬ ಸೂಕ್ಷ್ಮ ರಂಧ್ರಗಳಾದವು. ಒಂದು ಚದರ ಇಂಚಿಗೆ ಸುಮಾರು 900 ಕೋಟಿ ರಂಧ್ರ ಎಂಬುದು ತಯಾರಕರ ಲೆಕ್ಕ. ನೀರಿನ ಹನಿಗೆ ಅದರಲ್ಲಿ ನುಸುಳಲಾಗದು, ಆವಿಗೆ ಮಾತ್ರ ಸಲೀಸು. ಎಣಿಸಿ ನೋಡಿದ ಗಿರಾಕಿ ಇಲ್ಲದ್ದರಿಂದ ಲೆಕ್ಕದ ಬಗ್ಗೆ ತಕರಾರೂ ಎದ್ದಿಲ್ಲ.

ಇಂಥ ಟೆಫ್ಲಾನ್ ಪೊರೆ ಹಚ್ಚಿದ ಅಂಗಿಗೆ ಅತಿ ಕಠಿಣ ಪರೀಕ್ಷಕ ಬೇಟೆಗಾರ. ಅವನು ಗುಡ್ಡ ಹತ್ತುವಾಗ ಬೆವರುತ್ತಾನೆ, ಆಮೇಲೆ ಪೊದೆಯ ಬುಡದಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತು ಅದೇ ಬೆವರಿನಲ್ಲಿ ನಡುಗುತ್ತಾನೆ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ಈ ಪರೀಕ್ಷೆಗೆ ಅಡ್ಡಿಯಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆಗೆ ಮೊದಲೂ ಅನುಕೂಲವೇನಿರಲಿಲ್ಲ. ಉತ್ತರ ಕರ್ನಾಟಕದ ಹಲವೆಡೆ ಬೇಟೆಯ ರೂಢಿ ಇದ್ದದ್ದು ಯುಗಾದಿಯ ಸುಮಾರಿಗೆ, ಆಗ ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ಊರಿನ ವೀರನೂ ಇಲ್ಲಿ ಸಾಕ್ಷಿಗೆ ಒದಗುವುದಿಲ್ಲ. ಸಂಗೊಳ್ಳಿ ರಾಯಣ್ಣ ಕಾಡು ಹಿಡಿದು ಕಂಪನಿ ಸರಕಾರವನ್ನು ಕಾಡಿದ್ದು 1830ರ ಮೊದಲ ತಿಂಗಳುಗಳಲ್ಲಿ, ಸೆರೆಯಾದದ್ದು ಏಪ್ರಿಲ್‌ನಲ್ಲಿ. ಅಷ್ಟೂ ಮಳೆಗಾಲದ ಹೊರಗಿನ ಲೆಕ್ಕವೇ.

ಹಾಗಾಗಿ ಇಲ್ಲಿ ಪರೀಕ್ಷೆ ಮಾಡಬೇಕಾದದ್ದು ಈಗಲೂ ನೆನೆಯುವವರ ಮೇಲೆ: ಮಲಪ್ರಭೆಯ ದಂಡೆಗುಂಟ ಕುರಿ ಕಾಯುವವನು, ರಾತ್ರಿ ಹಂದಿ ಬರದಂತೆ ಗೋವಿನಜೋಳ ಕಾಯುವ ರೈತ. ನಡೆ, ನಿಲ್ಲು, ಮತ್ತೆ ನಡೆ ಎಂಬ ಬೇಟೆಗಾರನ ದಿನಚರಿಯೇ ಕುರಿಗಾರನದೂ. ಅವನ ಮೈಮೇಲಿರುವುದು ದಖನಿ ಕುರಿಯ ಒರಟು ಉಣ್ಣೆಯ ಕರಿ ಕಂಬಳಿ. ಅದನ್ನು ಕುಣಿಮಗ್ಗದಲ್ಲಿ ನೇಯುತ್ತಾರೆ, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿರುಸು ಮಾಡುತ್ತಾರೆ. ಮಡಚಿ ತಲೆಗೇರಿಸಿದರೆ ಕೊಪ್ಪಿ. ಜಿಟಿಜಿಟಿ ಮಳೆ ಅದರ ರೋಮದ ತುದಿಯಲ್ಲಿ ಮುತ್ತಾಗಿ ಕೂತು, ಒಮ್ಮೆ ಕೊಡವಿದರೆ ಉದುರುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ಆವಿಯನ್ನು ಹಸಿ ಅನಿಸದಂತೆ ಹೀರಿಕೊಳ್ಳುತ್ತದೆ, ಹೀರುವಾಗ ಅಷ್ಟಿಷ್ಟು ಶಾಖವನ್ನೂ ಕೊಡುತ್ತದೆ. ಬೆವರು ಹೋಗಲು ರಂಧ್ರಗಳನ್ನು ಎಣಿಸುವ ಕಾರಣವಿಲ್ಲ, ಮುಂಭಾಗ ಪೂರ್ತಿ ತೆರೆದೇ ಇರುತ್ತದೆ. ಜಡಿಮಳೆ ಹಿಡಿದರೆ ಮಾತ್ರ ಕಂಬಳಿ ನೀರು ಕುಡಿದು, ಕುರಿಮರಿಯೊಂದನ್ನು ಹೊತ್ತಷ್ಟು ಭಾರವಾಗುತ್ತದೆ. ಒಮ್ಮೆ ಹಾಗೆ ನೆನೆದರೆ ಶ್ರಾವಣದಲ್ಲಿ ಅದು ಒಣಗುವ ದಿನವನ್ನು ಪಂಚಾಂಗವೂ ಹೇಳಲಾರದು.

ಜಡಿಮಳೆಯಲ್ಲಿ ಪೊರೆಯ ಜಾಕೀಟು ಗೆಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. 20,000 ಮಿಲಿಮೀಟರ್ ಎಂದು ಚೀಟಿ ಅಂಟಿಸಿಕೊಂಡ ಬಟ್ಟೆ 20 ಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ, ಅಷ್ಟು ಜೋರಿನ ಮಳೆ ಬೈಲಹೊಂಗಲಕ್ಕೆ ಬಂದರೆ ಯೋಚಿಸಬೇಕಾದದ್ದು ಜಾಕೀಟಿನ ಬಗ್ಗೆ ಅಲ್ಲ. ಸೋಲುವುದು ಎರಡನೆಯ ಕೆಲಸದಲ್ಲಿ. ಆವಿ ತಾನಾಗಿ ಹೊರಗೆ ಹೋಗದು, ಒಳಗೆ ಹೆಚ್ಚು ಹೊರಗೆ ಕಡಿಮೆ ಎಂಬ ಒತ್ತಡದ ವ್ಯತ್ಯಾಸ ಅದನ್ನು ದಬ್ಬಬೇಕು. ಹಿಮದ ಒಣ ಚಳಿಯಲ್ಲಿ ಈ ವ್ಯತ್ಯಾಸ ದೊಡ್ಡದು. ಶ್ರಾವಣದ ಸಂಗೊಳ್ಳಿಯಲ್ಲಿ, 24 ಡಿಗ್ರಿಯ ಗಾಳಿ ತಾನೇ ನೀರು ಕುಡಿದು ತೇಗುತ್ತಿರುವಾಗ, ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇದರ ಮೇಲೆ, ಹೊರಮೈಯ ನೀರು ಜಾರಿಸುವ ಲೇಪ ಸವೆದರೆ ಬಟ್ಟೆ ಒದ್ದೆಯಾಗಿ ಅಂಟಿಕೊಂಡು ರಂಧ್ರಗಳ ಮೇಲೆ ನೀರಿನ ಚಾದರ ಹಾಸುತ್ತದೆ. ಜಾಕೀಟು ತೊಟ್ಟು ದಿಬ್ಬ ಹತ್ತಿ ಬಂದ ತರುಣನಿಗೆ ಕುರಿಗಾರನ ಪ್ರಶ್ನೆ ಆಗ ಸಹಜವೇ: “ಯಾಕೋ ತಮ್ಮಾ, ಅಂಗಿ ಒಳಗೂ ಮಳಿ ಆತೇನು?” ಒಗೆದು, ಹದವಾಗಿ ಕಾಯಿಸಿದರೆ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ಆದರೆ ಅಷ್ಟು ದುಡ್ಡು ಕೊಟ್ಟ ಅಂಗಿಯನ್ನು ಒಗೆಯುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಬೇಟೆಗಾರನಿಗೆ ಸದ್ದೂ ವೈರಿ. ಪೊರೆಯ ಬಟ್ಟೆ ಕೈ ಎತ್ತಿದರೆ ಚರಚರ ಅನ್ನುತ್ತದೆ, ಅದಕ್ಕೇ ಬೇಟೆಯ ಜಾಕೀಟುಗಳ ಹೊರಮೈಗೆ ಮೆತ್ತನೆಯ ಬಟ್ಟೆ ಹಚ್ಚುತ್ತಾರೆ, ಆ ಬಟ್ಟೆ ಮತ್ತೆ ನೀರು ಹಿಡಿಯುತ್ತದೆ. ಕಂಬಳಿ ಮೌನಿ. ಜಾಲಿ ಮುಳ್ಳು ಪೊರೆಗೆ ತೂತು ಮಾಡಿದರೆ ಕಂಬಳಿಯ ಎಳೆಯೊಂದನ್ನು ಜಗ್ಗುತ್ತದೆ, ಅಷ್ಟೆ. ಉತ್ತರಾಣಿಯ ಬೀಜಗಳು ಮಾತ್ರ ಕಂಬಳಿಗೆ ಕಚ್ಚಿಕೊಂಡು ಮನೆತನಕ ಬರುತ್ತವೆ. ವಾಸನೆಯಲ್ಲಿ ತೀರ್ಪು ಕಷ್ಟ: ಹಸಿ ಕಂಬಳಿ ಮನುಷ್ಯನ ವಾಸನೆ ಮುಚ್ಚುವುದೇನೋ ಸರಿ, ಆದರೆ ಸುತ್ತ ತೋಳವಿದ್ದರೆ ಕುರಿಯಂತೆ ನಾರುವುದು ಜಾಣತನ ಅಲ್ಲ.

ಬೆಲೆ ಹಿಡಿದು ನೋಡಿದರೆ ಗೊಬ್ಬರದ ಚೀಲವನ್ನು ಯಾವುದೂ ಮೀರಿಸುವುದಿಲ್ಲ. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿದರೆ ಪುಕ್ಕಟೆ ಕೊಪ್ಪಿ ಸಿದ್ಧ. ಬೆವರಿಗೆ ಅದು ದಾರಿ ಕೊಡದು, ಸದ್ದೋ ಹೊಲದಾಚೆಗೆ ಕೇಳುತ್ತದೆ. ಹಂದಿ ಹೊಡೆಯಲು ಕೂತವನಿಗೆ ಇದು ದೋಷ, ಹಂದಿ ಓಡಿಸಲು ಕೂತ ರೈತನಿಗೆ ಇದೇ ಗುಣ.

ಬಾಳಿಕೆಯಲ್ಲಿ ಕಂಬಳಿಗೆ ನುಸಿಯ ಕಾಟ. ಬೇವಿನ ಸೊಪ್ಪು ಇಟ್ಟು ಮಡಚಿಡುತ್ತಾರೆ. ಪೊರೆಗೆ ನುಸಿಯ ಭಯವಿಲ್ಲ, ಮಣ್ಣೂ ಅದನ್ನು ಕರಗಿಸಿಕೊಳ್ಳಲಾರದು. ಫ್ಲೋರಿನ್ ಕೂಡಿದ ಇಂಥ ರಾಸಾಯನಿಕಗಳ ಮೇಲೆ ಆಕ್ಷೇಪ ಹೆಚ್ಚಿದ್ದರಿಂದ, 2022ರಿಂದ ಗೋರ್ ಕಂಪನಿಯೇ ಕೆಲವು ಜಾಕೀಟುಗಳಲ್ಲಿ ಟೆಫ್ಲಾನ್ ಬದಲು ಪಾಲಿಎಥಿಲೀನ್ ಪೊರೆ ಬಳಸತೊಡಗಿದೆ. ಪಾಲಿಎಥಿಲೀನ್ ಅಂದರೆ ಗೊಬ್ಬರದ ಚೀಲದ ಒಳಪದರಕ್ಕೆ ಹಾಕುವ ಪ್ಲಾಸ್ಟಿಕ್ಕಿನ ಜಾತಿಯದೇ, ರಂಧ್ರಗಳಷ್ಟೇ ಹೆಚ್ಚುವರಿ.