ಮೇಲಿನಿಂದ ಬರುವ ಅತಿಥಿಗಳು: ಕೆಲವು ತಾಂತ್ರಿಕ ಸಲಹೆಗಳು

ಸ್ಕೈಡೈವಿಂಗ್ ಕುರಿತು ಈವರೆಗೆ ಬಂದ ಬರಹಗಳಲ್ಲಿ ಬಹುಪಾಲು ವಿಮಾನದಿಂದ ಜಿಗಿದವರೇ ಬರೆದದ್ದು. ಈ ಕ್ಷೇತ್ರ ಹಿಂದುಳಿಯಲು ಇದೇ ಕಾರಣ. ಬೀಳುತ್ತಿರುವ ಮನುಷ್ಯನ ಗಮನ ಸಹಜವಾಗಿಯೇ ನೆಲದ ಮೇಲಿರುತ್ತದೆ, ಕಾರ್ಯಕ್ರಮದ ಮೇಲಲ್ಲ. ವೇದಿಕೆ ಯಾವ ದಿಕ್ಕಿಗೆ ಮುಖಮಾಡಿದೆ, ಶಾಮಿಯಾನದ ನೆರಳು ಯಾರ ಪಾಲಿಗೆ ಬಂದಿದೆ, ಮುಂದಿನ ಸೋಫಾಗಳಿಗೂ ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಿಗೂ ನಡುವೆ ಹಗ್ಗ ಕಟ್ಟಿದ್ದಾರೋ ಇಲ್ಲವೋ, ಇದನ್ನೆಲ್ಲ ಅಳೆದು ತೂಗಿ ಹೇಳಬಲ್ಲವನು ಕೆಳಗೆ ನಿಂತು ಕತ್ತೆತ್ತಿದವನು. ನಾನು ಆ ಶಾಖೆಯವನು. ಒಮ್ಮೆಯೂ ಜಿಗಿದಿಲ್ಲವಾದ್ದರಿಂದ ನನ್ನ ಅಭಿಪ್ರಾಯಗಳಿಗೆ ಪ್ರಾಣಭಯದ ಸೋಂಕು ತಗುಲಿಲ್ಲ.

ಅಧ್ಯಯನಕ್ಕೆಂದು ಹೋದದ್ದು ಮೈಸೂರಿಗೆ. ಅಲ್ಲಿಯ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ದುಡ್ಡು ಕೊಟ್ಟ ನಾಗರಿಕರನ್ನು ಮೇಲಕ್ಕೊಯ್ದು ಬಿಡುವ ಏರ್ಪಾಟು ನಡೆದದ್ದುಂಟು. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ಮೈದಾನಕ್ಕೆ ವಾಯುಪಡೆಯ ‘ಆಕಾಶಗಂಗಾ’ ತಂಡ ಇಳಿದದ್ದೂ ಉಂಟು. 1987ರಲ್ಲಿ ಕಟ್ಟಿದ ಈ ತಂಡ ಶಿಸ್ತಿಗೆ ಹೆಸರಾದದ್ದು. ದೋಷ ಇರುವುದೇ ಅಲ್ಲಿ. ಹೇಳಿದ ಹೊತ್ತಿಗೆ ಬಂದರು. ಗುರುತು ಹಾಕಿದಲ್ಲೇ ಇಳಿದರು. ತಮ್ಮ ತಮ್ಮ ಪ್ಯಾರಾಚೂಟನ್ನು ತಾವೇ ಸುತ್ತಿಕೊಂಡು, ಸಾಲಾಗಿ ನಿಂತು ಸೆಲ್ಯೂಟ್ ಹೊಡೆದು ಹೋಗಿಯೇಬಿಟ್ಟರು. ಪಕ್ಕದಲ್ಲಿ ಕೂತಿದ್ದ ನಮ್ಮ ಹರಿಹರದ ಯಜಮಾನರೊಬ್ಬರು ಶೇಂಗಾ ಪೊಟ್ಟಣ ಬಿಚ್ಚುತ್ತಿದ್ದವರು ಕೈಯನ್ನು ಅಲ್ಲಿಗೇ ನಿಲ್ಲಿಸಿ, “ಏನ್ರೀ ಇದು, ಕುಂತ್ಕಳಾದ್ರಾಗೆ ಮುಗುದೇ ಹೋತಲ್ರೀ! ಒಬ್ರಾದ್ರೂ ಮೈಕ್ ಹಿಡೀಲಿಲ್ಲ” ಎಂದರು. ಈ ವರದಿಯ ಮುಖ್ಯ ನಿಷ್ಕರ್ಷೆ ಇದೇ. ಮುಂದಿನದೆಲ್ಲ ವಿವರಣೆ.

ಲೆಕ್ಕ ಹೀಗಿದೆ. 10,000 ಅಡಿ ಎತ್ತರದಲ್ಲಿ ವಿಮಾನದಿಂದ ಹೊರಬಿದ್ದವನು ಗಂಟೆಗೆ ಸುಮಾರು 200 ಕಿ.ಮೀ. ವೇಗ ಮುಟ್ಟಿ, ಅರ್ಧ ನಿಮಿಷದಷ್ಟು ಹೊತ್ತು ಹಾಗೇ ಬಿದ್ದು, 5,000 ಅಡಿಯ ಆಸುಪಾಸಿನಲ್ಲಿ ಪ್ಯಾರಾಚೂಟ್ ಬಿಚ್ಚುತ್ತಾನೆ. ಆಮೇಲೆ ಐದಾರು ನಿಮಿಷ ತೇಲಿಕೊಂಡು ಇಳಿಯುತ್ತಾನೆ. ಅರ್ಧ ನಿಮಿಷದಲ್ಲಿ ನಮ್ಮ ಕಡೆಯ ನಿರೂಪಕರು ‘ಪರಮಪೂಜ್ಯ’ರನ್ನು ಮುಗಿಸಿ ‘ಸನ್ಮಾನ್ಯ’ರ ತನಕವೂ ಬಂದಿರುವುದಿಲ್ಲ. ಎತ್ತರ ಹೆಚ್ಚಿಸಿದರೆ ಸರಿಹೋದೀತೇ ಎಂದು ನೋಡಿದೆ. ಆಸ್ಟ್ರಿಯಾದ ಫೆಲಿಕ್ಸ್ ಬಾಮ್‌ಗಾರ್ಟ್ನರ್ 2012ರ ಅಕ್ಟೋಬರ್ 14ರಂದು ಬಲೂನಿನಲ್ಲಿ ಸುಮಾರು 39 ಕಿ.ಮೀ. ಮೇಲೇರಿ ಜಿಗಿದ, ಶಬ್ದದ ವೇಗವನ್ನೂ ಮೀರಿದ. ಅಷ್ಟೆಲ್ಲ ಮಾಡಿಯೂ ಪ್ಯಾರಾಚೂಟ್ ಬಿಚ್ಚುವವರೆಗೆ ಅವನಿಗೆ ಸಿಕ್ಕದ್ದು ನಾಲ್ಕು ನಿಮಿಷ ಚಿಲ್ಲರೆ. ಸ್ವಾಗತ ಭಾಷಣಕ್ಕೇ ಸಾಲದು. ಮೂರು ಗಂಟೆಯ ಒಂದು ಸಾಧಾರಣ ಸಮಾರಂಭವನ್ನು ಗಂಟೆಗೆ 200 ಕಿ.ಮೀ. ವೇಗದಲ್ಲಿ ಬೀಳುತ್ತ ಮುಗಿಸಬೇಕಾದರೆ 600 ಕಿ.ಮೀ. ಎತ್ತರದಿಂದ ಹೊರಡಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದೇ 400 ಕಿ.ಮೀ. ಸುಮಾರಿನಲ್ಲಿ. ಅಂದರೆ ಒಂದು ಗಂಟೆ ಕಳೆದು ಆ ನಿಲ್ದಾಣವನ್ನು ದಾಟುವಾಗ ನಮ್ಮಲ್ಲಿ ಇನ್ನೂ ಗಣ್ಯರ ಪರಿಚಯ ನಡೆದಿರುತ್ತದೆ. ಅಲ್ಲಿ ಗಾಳಿಯೇ ಇಲ್ಲ, ಆದ್ದರಿಂದ ವೇಗದ ಲೆಕ್ಕ ತಪ್ಪು ಎಂದು ಭೌತಶಾಸ್ತ್ರದ ಮೇಷ್ಟರೊಬ್ಬರು ತಗಾದೆ ತೆಗೆದರು. ಗಾಳಿಯಿಲ್ಲದ ಕಡೆ ಧ್ವನಿವರ್ಧಕವೂ ಕೇಳಿಸದು ಎಂದು ಅವರೇ ಒಪ್ಪಿದ್ದಾರೆ. ಪ್ರೇಕ್ಷಕರ ದೃಷ್ಟಿಯಿಂದ ಇದು ಯೋಜನೆಯ ಪರವಾಗಿರುವ ಅಂಶ.

ಸ್ಕೈಡೈವಿಂಗ್ ಮೇಳವೊಂದನ್ನು ನಡೆಸಿ ಈ ಕ್ರೀಡೆಯನ್ನು ದಾರಿಗೆ ತರಬಲ್ಲ ಊರು ದಾವಣಗೆರೆ. ರಾಜ್ಯದ ನಡುವೆ ಇದೆ ಎಂಬ ಒಂದೇ ಕಾರಣಕ್ಕೆ ಪಕ್ಷಭೇದವಿಲ್ಲದೆ ಎಲ್ಲರೂ ಇಲ್ಲಿಗೆ ಬಂದು ಜನ ಸೇರಿಸುತ್ತಾರೆ. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬದ ಅಮೃತ ಮಹೋತ್ಸವ ನಡೆದಾಗ ಹೆದ್ದಾರಿಯಲ್ಲಿ ವಾಹನಗಳು ಕಿಲೋಮೀಟರುಗಟ್ಟಲೆ ನಿಂತವು. 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿಯವರು ಬಂದ ವಿಜಯ ಸಂಕಲ್ಪ ಯಾತ್ರೆಯ ಮಹಾಸಂಗಮಕ್ಕೂ ಊರು ತುಂಬಿತು. ಒಂದು ಮಹಾಸಭೆಗೆ ಹೊರಟು, ಬೈಪಾಸಿನಲ್ಲೇ ಬುತ್ತಿ ಬಿಚ್ಚಿ ಉಂಡು, ಭಾಷಣವನ್ನು ಮೊಬೈಲಿನಲ್ಲಿ ಕೇಳಿ ಮನೆಗೆ ಮರಳುವುದು ನಮ್ಮ ಭಾಗದಲ್ಲಿ ಪೂರ್ಣ ಹಾಜರಾತಿ ಎಂದೇ ಲೆಕ್ಕ. ಮೇಲಿನಿಂದ ಬರುವವರಿಗೆ ಈ ತೊಂದರೆಯಿಲ್ಲ.

ವಿಮಾನ ನಿಲ್ದಾಣದ ಪ್ರಶ್ನೆಯೂ ಇಲ್ಲಿಗೇ ಬಗೆಹರಿಯುತ್ತದೆ. 1997ರಲ್ಲಿ ಜಿಲ್ಲೆಯಾದ ನಮಗೆ ನಿಲ್ದಾಣವೊಂದು ಬೇಕೆಂಬ ಬೇಡಿಕೆ ಇದ್ದೇ ಇದೆ. ಅತ್ತ ಹುಬ್ಬಳ್ಳಿಗೆ ಇದೆ; ಇತ್ತ ಶಿವಮೊಗ್ಗಕ್ಕೆ 2023ರ ಫೆಬ್ರುವರಿ 27ರಂದು 3.2 ಕಿ.ಮೀ. ರನ್‌ವೇ ಸಮೇತ ಬಂತು. ನಮ್ಮವರು ಮನವಿಪತ್ರ ಕೊಡುತ್ತಿದ್ದಾರೆ. ಯಾರೂ ಗಮನಿಸದ ಸಂಗತಿಯೆಂದರೆ, ರನ್‌ವೇ ಬೇಕಾಗುವುದು ವಿಮಾನ ಇಳಿಯಲು. ಪ್ರಯಾಣಿಕ ಇಳಿಯಲು ಅಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಕಾಶೆಯಲ್ಲಿ ನೇರ ಗೆರೆ ಎಳೆದರೆ ಅದು ದಾವಣಗೆರೆಯ ಮಗ್ಗುಲಲ್ಲೇ ಹಾಯುತ್ತದೆ. ರಾತ್ರಿ ಬಸ್ಸಿನ ಕಂಡಕ್ಟರು ಊರೊಳಗೆ ಬರಲೊಲ್ಲದೆ ಬೈಪಾಸಿನಲ್ಲೇ ಸೀಟಿ ಊದಿ, “ದಾವಣಗೆರೆ ಯಾರ್ರೀ, ಬೇಗ ಇಳ್ಕಳ್ರಿ” ಎನ್ನುವ ಪದ್ಧತಿಗೆ ನಮ್ಮ ಜನ ಈಗಾಗಲೇ ಒಗ್ಗಿದ್ದಾರೆ. ಅದನ್ನು 10,000 ಅಡಿಗೆ ವಿಸ್ತರಿಸಿದರಾಯಿತು. ಪೂರ್ವನಿದರ್ಶನವೂ ಇದೆ. 1971ರ ನವೆಂಬರ್ 24ರಂದು ಅಮೆರಿಕದಲ್ಲಿ, ಮುಂದೆ ಡಿ.ಬಿ. ಕೂಪರ್ ಎಂದು ಹೆಸರಾದ ವ್ಯಕ್ತಿಯೊಬ್ಬ ಬೋಯಿಂಗ್ 727 ವಿಮಾನವನ್ನು ಇದೇ 10,000 ಅಡಿಯಲ್ಲಿ ಹಾರಿಸಲು ಹೇಳಿ, ಹಿಂಬದಿಯ ಮೆಟ್ಟಿಲಿನಿಂದ ಎರಡು ಲಕ್ಷ ಡಾಲರ್ ಸಮೇತ ನಡುದಾರಿಯಲ್ಲೇ ಇಳಿದುಹೋದ. 1980ರಲ್ಲಿ ಕೊಲಂಬಿಯಾ ನದಿಯ ದಂಡೆಯಲ್ಲಿ ಆ ಹಣದ 5,800 ಡಾಲರ್ ಸಿಕ್ಕಿತು, ಆತ ಸಿಗಲಿಲ್ಲ. ಅಂದರೆ ಈ ಬಗೆಯ ಸೇವೆ ಪಡೆದ ಪ್ರಯಾಣಿಕರಿಂದ ಇದುವರೆಗೆ ಒಂದೂ ದೂರು ಬಂದಿಲ್ಲ. ಇದು ಬರುವವರಿಗೆ ಮಾತ್ರ ಒದಗುವ ಸಂಪರ್ಕ, ಹೋಗುವವರಿಗಲ್ಲ ಎಂಬುದು ನಿಜ. ಪರಿಶೀಲನೆಗೆ ಬಂದ ಹಿರಿಯ ಅಧಿಕಾರಿಗಳು ಬೆಣ್ಣೆದೋಸೆ ತಿಂದು ಅಂದೇ ಸಂಜೆ ಬೆಂಗಳೂರಿಗೆ ಮರಳುವ ಪರಿಪಾಠ ಇದರಿಂದ ತಂತಾನೇ ನಿಲ್ಲುತ್ತದೆ.

ಅಧಿಕಾರಿಗಳ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಜಿಗಿಯುವವರ ಮಣಿಕಟ್ಟಿನಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್ ಇರುತ್ತದೆ. ಅದನ್ನು ಇಳಿಯುವ ಜಾಗದ ನೆಲಕ್ಕೆ ಸೊನ್ನೆ ಬರುವಂತೆ ಹೊಂದಿಸಿಕೊಳ್ಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ದಾವಣಗೆರೆ ಸುಮಾರು 600. ರಾಜಧಾನಿಯಲ್ಲೇ ಸೊನ್ನೆ ಮಾಡಿಕೊಂಡು ಹೊರಟವರಿಗೆ, ದಾವಣಗೆರೆಯ ನೆಲ ಇನ್ನೂ ಸಾವಿರ ಅಡಿ ಕೆಳಗಿರುವಾಗಲೇ ‘ಮುಟ್ಟಿದ್ದಾಯಿತು’ ಎಂದು ಮುಳ್ಳು ತೋರಿಸುತ್ತದೆ. ಬೆಂಗಳೂರಿನಲ್ಲಿ ಮಂಜೂರಾದ ನಮ್ಮ ಹಲವು ಕಾಮಗಾರಿಗಳು ಕಡತದಲ್ಲಿ ಪೂರ್ಣಗೊಂಡು ಈಗ ನಿಂತಿರುವುದೂ ಸರಿಸುಮಾರು ಇದೇ ಎತ್ತರದಲ್ಲಿ.

ಹರಿಹರವನ್ನು ಮೇಳಕ್ಕೆ ಸೇರಿಸಿಕೊಳ್ಳುವುದು ಉಪಕಾರದ ಮಾತಲ್ಲ, ಹಕ್ಕಿನದು. ಟ್ಯಾಂಡೆಮ್ ಜಿಗಿತದಲ್ಲಿ ಬೋಧಕನೂ ಹೊಸಬನೂ ಒಂದೇ ಪಟ್ಟಿಗಳಲ್ಲಿ ಬಿಗಿದುಕೊಂಡು ಒಂದೇ ದೇಹವಾಗಿ ಬೀಳುತ್ತಾರೆ. ಇದು 1980ರ ದಶಕದಲ್ಲಿ ಅಮೆರಿಕದವರಿಂದ ಬಳಕೆಗೆ ಬಂತೆಂದು ಬರೆದವರುಂಟು. ಅವರು ಹರಿಹರ ನೋಡಿಲ್ಲ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿದ್ದಾಗ ಇಬ್ಬರೂ ಒಂದೇ ದೇಹವಾಗಿ ಬಂದರೆಂದು ಸ್ಥಳಪುರಾಣ. 13ನೇ ಶತಮಾನದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ ತುಂಗಭದ್ರೆಯ ದಂಡೆಯಲ್ಲಿ ಸಾಕ್ಷಿಗಿದೆ. ಈಗಿನ ಕಾಲಕ್ಕೆ ಬಂದರೆ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಎಂಬ ಒಂದೇ ಪಟ್ಟಿಯಲ್ಲಿ ಎರಡೂ ಊರುಗಳನ್ನು ಬಿಗಿದಿದೆ. ಟ್ಯಾಂಡೆಮ್‌ನಲ್ಲಿ ಹಿಂದಿನವನು ಹಗ್ಗ ಹಿಡಿದು ದಿಕ್ಕು ತಿರುಗಿಸುತ್ತಾನೆ. ಮುಂದೆ ನೇತಾಡುವವನ ಕೆಲಸ ಹೇಳಿದಾಗ ಕಾಲೆತ್ತುವುದು ಮತ್ತು ಫೋಟೋಕ್ಕೆ ಹಲ್ಲು ಬಿಡುವುದು. ಇವೆರಡರಲ್ಲಿ ಯಾವ ಊರು ಯಾವುದು ಎಂದು ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಸ್ವಲ್ಪ ಜೋರಾಗಿಯೇ ಹೇಳುತ್ತಾರೆ. ಪ್ಯಾರಾಚೂಟಿಲ್ಲದೆ ಬೀಳುವುದನ್ನಂತೂ ಆ ಊರಿಗೆ ಕಲಿಸಬೇಕಾಗಿಲ್ಲ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿದಾಗ ಅದರ ಪಾಠ ಆಗಿದೆ.

ಇಳಿಯುವ ಜಾಗದ ಬಗ್ಗೆ ಸ್ಥಳ ಪರಿಶೀಲನೆ ನಡೆಸಿದೆ. ದಾವಣಗೆರೆಯ ಹೈಸ್ಕೂಲ್ ಮೈದಾನ ಅಳತೆಯಲ್ಲಿ ಸರಿಹೊಂದುತ್ತದೆ, ಒಂದಲ್ಲ ಒಂದು ಶಾಮಿಯಾನ ಸದಾ ಇರುವುದರಿಂದ ಎರಡನೇ ಪ್ಯಾರಾಚೂಟಿನ ಖರ್ಚೂ ಉಳಿದೀತು. ಕುಂದುವಾಡದ ಕಡೆಯ ಗಾಜಿನ ಮನೆ ಲಾಲ್‌ಬಾಗಿನದಕ್ಕಿಂತ ದೊಡ್ಡದೆಂದು ನಮಗೆ ಹೆಮ್ಮೆ. ಮೇಲಿನಿಂದ ಇನ್ನೂ ಚೆನ್ನಾಗಿ ಹೊಳೆದೀತು. ಅದಕ್ಕೇ ಅಪಾಯ. ಹೊಸಬರು ಯಾವುದಕ್ಕೆ ಹೆದರಿ ಅದನ್ನೇ ದಿಟ್ಟಿಸುತ್ತಾರೋ ಅದರ ಮೇಲೆಯೇ ಹೋಗಿ ಇಳಿಯುತ್ತಾರೆಂಬುದು ಈ ಕ್ರೀಡೆಯಲ್ಲಿ ಎಲ್ಲ ಬೋಧಕರೂ ಹೇಳುವ ಮಾತು. ಗಾಜಿನ ಮನೆಗೆ ಆ ದಿನ ತಾಡಪಾಲು ಹೊದಿಸುವುದು ಲೇಸು. ಹರಿಹರದಲ್ಲಿ ಹೊಳೆಯ ಮರಳು ಮೆತ್ತಗಿದೆ. ಮೇಳದ ದಿನದವರೆಗೆ ಅದು ಹೊಳೆಯಲ್ಲೇ ಇರುತ್ತದೆಂದು ಲಿಖಿತ ಭರವಸೆ ಕೊಡಲು ಮಾತ್ರ ಯಾರೂ ಮುಂದೆ ಬಂದಿಲ್ಲ. ನನ್ನ ಶಿಫಾರಸು ಭದ್ರಾ ನಾಲೆಯ ಕೊನೇ ಭಾಗದ ಗದ್ದೆಗಳಿಗೆ. ಅಲ್ಲಿಗೆ ಮೇಲಿನಿಂದ ಏನಾದರೂ ಬಂದು ತಲುಪಬೇಕೆಂದು ರೈತರು ಬಹಳ ಕಾಲದಿಂದ ಕೇಳುತ್ತಿದ್ದಾರೆ.

ಗಾಳಿ ನೋಡಲು ವಿಮಾನ ನಿಲ್ದಾಣಗಳಲ್ಲಿ ಕಂಬಕ್ಕೆ ಬಟ್ಟೆಯ ಚೀಲ ಕಟ್ಟುತ್ತಾರೆ. ಗಂಟೆಗೆ 22 ಕಿ.ಮೀ. ಮೀರಿದ ಗಾಳಿಯಲ್ಲಿ ಕಲಿಯುವವರನ್ನು ಬಿಡಬಾರದೆಂಬುದು ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ. ನಮಗೆ ಚೀಲ ಬೇಡ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ ಯಾವ ಕಡೆ ವಾಲಿದೆ ಎಂದು ಮೇಲಿನಿಂದಲೇ ಕಾಣುತ್ತದೆ. ಹರಿಹರದಲ್ಲಿ ಕಣ್ಣೂ ಬೇಡ. ಹೊಳೆಯಾಚೆಯ ಕಾರ್ಖಾನೆ ಕಡೆಯಿಂದ ಬೀಸಿದಾಗ ಮೂಗೇ ಹೇಳುತ್ತದೆ.

ಫ್ಲೆಕ್ಸ್ ವಿಚಾರ ಬೇಗ ಮುಗಿಸುತ್ತೇನೆ. ಟ್ಯಾಂಡೆಮ್ ಪ್ಯಾರಾಚೂಟ್ ಸುಮಾರು 350 ಚದರ ಅಡಿಯ ಬಟ್ಟೆ. ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ಊರಿನ ತಲೆಯ ಮೇಲೆ ಅಷ್ಟು ಬಟ್ಟೆ ಬರಿದಾಗಿ ತೇಲುವುದು ಅವಮಾನ. ನಡುವೆ ನಾಯಕರು, ಸುತ್ತ ಅಭಿಮಾನಿ ಬಳಗದ 40 ಭಾವಚಿತ್ರಗಳು ಧಾರಾಳವಾಗಿ ಹಿಡಿಸುತ್ತವೆ. ಭಾವಚಿತ್ರಗಳು ಕೆಳಮುಖವಾಗಿರಬೇಕು. ಮೇಲ್ಮುಖವಾಗಿ ಮುದ್ರಿಸಿದರೆ ಹದ್ದುಗಳಿಗಷ್ಟೇ ಪ್ರಚಾರ.

ತಿಂಡಿಯ ಕ್ರಮವನ್ನೂ ಬದಲಿಸಬೇಕು. ಟ್ಯಾಂಡೆಮ್ ಜಿಗಿತಕ್ಕೆ ತೂಕದ ಮಿತಿಯಿದೆ, ಸಾಮಾನ್ಯವಾಗಿ 100 ಕೆ.ಜಿ. ಆಸುಪಾಸು. ನಮ್ಮಲ್ಲಿ ಅತಿಥಿಯನ್ನು ಮೊದಲು ಬೆಣ್ಣೆದೋಸೆಯ ಮುಂದೆ ಕೂರಿಸುತ್ತಾರೆ, “ಇನ್ನೊಂದು ಹಾಕ್ಸಿಕೊಳ್ರಿ ಸಾರ್, ದಾವಣಗೆರೆಗೆ ಬಂದು ಎರಡಕ್ಕೇ ಕೈ ತೊಳೆಯೋದಾ?” ಎನ್ನುತ್ತಾರೆ. ತೂಕ ಮೊದಲು, ದೋಸೆ ಆಮೇಲೆ, ಜಿಗಿತ ಮಾರನೇ ದಿನ. ಪ್ರೇಕ್ಷಕರಿಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಸಾಕು. ಬಾಯಿ ಉರಿದು ತಲೆ ತಾನಾಗಿ ಮೇಲಕ್ಕೆ ಏಳುತ್ತದೆ.

ಕೊನೆಯದಾಗಿ ಶಿಷ್ಟಾಚಾರ. ವಿಮಾನದಿಂದ ಹೊರಬೀಳುವುದಕ್ಕೂ ಒಂದು ಸರದಿಯಿದೆ. ಗುಂಪಾಗಿ ಬೀಳುವ ಅನುಭವಿಗಳು ಮೊದಲು. ಮೇಲೆಯೇ ಪ್ಯಾರಾಚೂಟ್ ಬಿಚ್ಚುವ ಟ್ಯಾಂಡೆಮ್ ಜೋಡಿಗಳು ಸಾಮಾನ್ಯವಾಗಿ ಕೊನೆಗೆ. ಗಣ್ಯರು ಹೇಗೂ ಟ್ಯಾಂಡೆಮ್‌ನಲ್ಲೇ ಬರುವವರಾದ್ದರಿಂದ, ಎಲ್ಲರಿಗಿಂತ ದೊಡ್ಡವರು ಎಲ್ಲರಿಗಿಂತ ತಡವಾಗಿ ಬರಬೇಕೆಂಬ ನಮ್ಮ ಪರಂಪರೆಗೂ ಈ ನಿಯಮಕ್ಕೂ ವಿರೋಧವಿಲ್ಲ. ತೊಡಕಿರುವುದು ಒಂದೇ ವಿಮಾನದಲ್ಲಿ ಇಬ್ಬರು ದೊಡ್ಡವರಿದ್ದಾಗ. “ತಾವು ಮೊದಲು” ಎಂದು ಇವರು, “ಛೆ ಛೆ, ತಾವೇ ಮೊದಲು” ಎಂದು ಅವರು. ಬಾಗಿಲಿನ ಎರಡು ಕಡೆ ಇಬ್ಬರೂ ಕೈಮುಗಿದು ನಿಂತಿರುವಷ್ಟು ಹೊತ್ತು ವಿಮಾನ ಹರಿಹರ ದಾಟಿ, ಹೊಳೆ ದಾಟಿ, ಮತ್ತೆ ತಿರುಗಿ ದಾವಣಗೆರೆಯ ಮೇಲೆ ಬರುತ್ತಿರುತ್ತದೆ. ಇಂಧನ ಮುಗಿಯುತ್ತ ಬಂದರೆ ಪೈಲಟ್ ಎಲ್ಲರನ್ನೂ ಕೂರಿಸಿಕೊಂಡು ಶಿವಮೊಗ್ಗದಲ್ಲಿ ಇಳಿಸುತ್ತಾನೆ. ಆದ್ದರಿಂದ ವಂದನಾರ್ಪಣೆಗೆ ಇಬ್ಬರನ್ನು ನೇಮಿಸಿಕೊಳ್ಳುವುದು ಕ್ಷೇಮ: ಒಬ್ಬರು ಹೈಸ್ಕೂಲ್ ಮೈದಾನದಲ್ಲಿ, ಇನ್ನೊಬ್ಬರು ಹಾರ-ತುರಾಯಿ ಸಮೇತ ಶಿವಮೊಗ್ಗದ ನಿಲ್ದಾಣದಲ್ಲಿ.