ಏಳು ಗಂಟೆಗೆ ಅವರು ಮಲಗುತ್ತಾರೆ

ನಾಯಿ ಸಾಕಿದವನು ನಾಯಿಯ ಬಗ್ಗೆ ಮಾತಾಡುತ್ತಾನೆ. ಬೆಕ್ಕು ಸಾಕಿದವನು ಬೆಕ್ಕು ತನಗೆ ಮಾಡಿದ ಅವಮಾನಗಳ ಬಗ್ಗೆ ಮಾತಾಡುತ್ತಾನೆ. ಊಸರವಳ್ಳಿ ಸಾಕಿದವನು ಮಾತ್ರ ಟ್ಯೂಬ್‌ಲೈಟಿನ ಬಗ್ಗೆ ಮಾತಾಡುತ್ತಾನೆ. ಹೇಗಿದೆಯಪ್ಪಾ ನಿನ್ನ ಪ್ರಾಣಿ ಎಂದು ಕೇಳಿ ನೋಡಿ, 'ಟಿ5 ಹೈ ಔಟ್‌ಪುಟ್, ಆರು ಪರ್ಸೆಂಟ್' ಎಂಬ ಉತ್ತರ ಬರುತ್ತದೆ. ನೀವು ಸುಮ್ಮನಿದ್ದರೆ ಅರ್ಥವಾಗಲಿಲ್ಲವೆಂದು ವಿವರಿಸುತ್ತಾನೆ. ಅರ್ಥವಾಯಿತು ಎಂದಿರೋ, ಮುಗಿಯಿತು, ಇನ್ನೂ ವಿವರಿಸುತ್ತಾನೆ.

ಅಮೆರಿಕದಲ್ಲಿ ಈ ಪಂಗಡದ ಜನ ಹೇರಳ. ನಮ್ಮಲ್ಲಿ ಖಾದಿ ಮೇಳ ನಡೆಯುವ ಹಾಗೆ ಅಲ್ಲಿ ವಾರಾಂತ್ಯಗಳಲ್ಲಿ ಹಾವು-ಹಲ್ಲಿಗಳ ಮೇಳ ನಡೆಯುತ್ತದೆ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಭಾವಮೈದ ಅಂಥದ್ದೊಂದಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದ. ಮಗಳು ಆಮೆ ಬೇಕೆಂದು ಅಳುತ್ತಿರುವಾಗ ಇವನು ಯೆಮನ್ ಮೂಲದ ಊಸರವಳ್ಳಿಯನ್ನು ಕೊಂಡುಕೊಂಡು ಬಂದ. ಅಂದಿನಿಂದ ಆ ಮನೆಯಲ್ಲಿ ಅದನ್ನು ಬಹುವಚನದಲ್ಲೇ ಕರೆಯುವುದು. 'ಅವರು ನೀರು ಕುಡಿದರಾ?' ಎಂದು ಅವನು ಆಫೀಸಿನಿಂದ ಫೋನು ಮಾಡಿದಾಗ, ಅವನ ಮನೆಗೆ ಹೋಗಿದ್ದ ನಾನು ಮೊದಮೊದಲು, ಪಾಪ, ನನ್ನನ್ನೇ ವಿಚಾರಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ.

ಹಾಲ್‌ನಲ್ಲಿ 4 ಅಡಿ ಎತ್ತರದ ಜಾಲರಿ ಪಂಜರ. ಒಳಗೆ ನಮ್ಮ ಮನೆಗಳ ಬಾಟಲಿಯಲ್ಲಿ ಬೆಳೆಯುವ ಅದೇ ಮನಿ ಪ್ಲಾಂಟು, ಒಂದು ದಾಸವಾಳದ ಕುಂಡ, ಅಡ್ಡಡ್ಡ ಕೊಂಬೆಗಳು. ಪ್ರಾಣಿಗಿಂತ ಪಂಜರ ದುಬಾರಿ, ಪಂಜರಕ್ಕಿಂತ ದೀಪ ದುಬಾರಿ. ಕಿಟಕಿ ಪಕ್ಕ ಇಟ್ಟರೆ ಬಿಸಿಲು ಬೀಳುವುದಿಲ್ಲವೇ ಎಂದು ಕೇಳಿದೆ. ಆ ಪ್ರಶ್ನೆಗಾಗಿಯೇ ಕಾದಿದ್ದವನಂತೆ ಕುರ್ಚಿ ಎಳೆದುಕೊಂಡು ಕೂತ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನೂ ಬಿಡುತ್ತದೆ, ಆದರೆ ಯುವಿಬಿ ಕಿರಣವನ್ನು ಬಿಡುವುದಿಲ್ಲವಂತೆ. ಆ ಕಿರಣ ಚರ್ಮಕ್ಕೆ ಬೀಳದಿದ್ದರೆ ವಿಟಮಿನ್ ಡಿ3 ತಯಾರಾಗುವುದಿಲ್ಲ; ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ; ಆಮೇಲೆ ದೇಹ ತನ್ನ ಮೂಳೆಯಿಂದಲೇ ಸಾಲ ಎತ್ತಲು ಶುರುಮಾಡಿ ಕಾಲು ಸೊಟ್ಟಗಾಗುತ್ತದೆ, ದವಡೆ ಮೆತ್ತಗಾಗುತ್ತದೆ. ಹಿಂದೆ ಕಾಡಿನಿಂದ ಹಿಡಿದು ತಂದ ಎಷ್ಟೋ ಊಸರವಳ್ಳಿಗಳು ಪಂಜರದಲ್ಲಿ ಕೆಲವೇ ತಿಂಗಳಲ್ಲಿ ಸಾಯುತ್ತಿದ್ದವು ಎನ್ನುವಾಗ ಅವನ ದನಿ ನಿಜಕ್ಕೂ ಭಾರವಾಯಿತು.

ಇದೆಲ್ಲ ಒಪ್ಪೋಣ. ಆದರೆ ಚೆನ್ನಾಗಿ ಉರಿಯುತ್ತಿರುವ ಟ್ಯೂಬನ್ನು ಕಿತ್ತು ಎಸೆಯುವುದನ್ನು ನಮ್ಮ ಕಡೆಯ ಮನುಷ್ಯ ಹೇಗೆ ನೋಡಿಯಾನು? ಬೆಳಕು ಕಣ್ಣಿಗೆ ಕಂಡರೂ ತಿಂಗಳುಗಳು ಕಳೆದಂತೆ ಅದರ ಯುವಿಬಿ ಇಳಿಯುತ್ತದೆಯಂತೆ, ವರ್ಷದೊಳಗೆ ಬದಲಿಸಲೇಬೇಕಂತೆ. ಇಳಿದಿದೆಯೋ ಇಲ್ಲವೋ ನೋಡಲು ಸೋಲಾರ್‌ಮೀಟರ್ ಎಂಬ ಉಪಕರಣ. ಮೈ ಕಾಯಿಸಿಕೊಳ್ಳಲು ಕೂರುವ ಕೊಂಬೆಯ ಮೇಲೆ ಯುವಿ ಸೂಚ್ಯಂಕ 3ರ ಆಸುಪಾಸು ಇರಬೇಕು, ಶಾಖ 29-30 ಡಿಗ್ರಿ. ರಾತ್ರಿ ದೀಪವೂ ಇರಬಾರದು, ಶಾಖವೂ ಇರಬಾರದು. 18 ಡಿಗ್ರಿಗೆ ಇಳಿದರೆ ಅವರಿಗೆ ಹಿತ. ಅವರಿಗೇನೋ ಹಿತ. ಇಡೀ ಮನೆಯ ಹೀಟರನ್ನೇ ಅವನು 18ಕ್ಕೆ ಇಳಿಸುತ್ತಿದ್ದುದರಿಂದ ಮೈಸೂರಿನಿಂದ ಹೋದ ನಾನು, ನನ್ನ ಹೆಂಡತಿ ಎರಡೆರಡು ರಗ್ಗು ಹೊದ್ದು, ಮಂಕಿ ಟೋಪಿ ಹಾಕಿಕೊಂಡು ಮಲಗುತ್ತಿದ್ದೆವು.

ಊಟದ ಕಥೆ ಬೇರೆ. ಅವರು ತಿನ್ನುವುದು ಜೀವಂತ ಚಿಮ್ಮಂಡೆ, ರೇಷ್ಮೆಹುಳು, ಒಂದು ಜಾತಿಯ ಜಿರಳೆ. ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪದ ಹುಳ ಕೊಡಬಾರದು. ಬರೀ ಹುಳ ಕೊಟ್ಟರೆ ಸಾಲದು, ಹುಳದ ಹೊಟ್ಟೆಯೂ ತುಂಬಿರಬೇಕು. ಹೀಗಾಗಿ ಫ್ರಿಜ್ಜಿನ ಒಳ್ಳೆಯ ಸೊಪ್ಪು, ಕ್ಯಾರೆಟ್ಟು, ಗೆಣಸು ಎಲ್ಲ ಚಿಮ್ಮಂಡೆಗೆ, ಬಾಡಿದ್ದು ಹುಳಿಗೆ. ಚಿಮ್ಮಂಡೆಯಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಆದ್ದರಿಂದ ಕೊಡುವ ಮುಂಚೆ ಅವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕ್ಯಾಲ್ಸಿಯಂ ಪುಡಿ ಉದುರಿಸಿ ಕುಲುಕಿದರೆ ಸಕ್ಕರೆಯಲ್ಲಿ ಹೊರಳಿಸಿದ ಚಿರೋಟಿಯ ಹಾಗೆ ಬೆಳ್ಳಗೆ ಹೊರಬರುತ್ತವೆ. ಆ ದಿನನಿತ್ಯದ ಪುಡಿಯಲ್ಲಿ ಡಿ3 ಇರಕೂಡದು. ಡಿ3 ಮತ್ತು ವಿಟಮಿನ್ ಎ ಇರುವ ಇನ್ನೊಂದು ಪುಡಿ ಹದಿನೈದು ದಿನಕ್ಕೊಮ್ಮೆ. ಅದು ಅತಿಯಾದರೂ ಅಪಾಯ. ಫ್ರಿಜ್ಜಿನ ಬಾಗಿಲ ಮೇಲೆ ಈ ಪುಡಿಗಳ ಪಂಚಾಂಗವೇ ಅಂಟಿಸಿತ್ತು. ಪಕ್ಕದಲ್ಲೇ ವೈದ್ಯರು ಅವನಿಗೆ ಬರೆದುಕೊಟ್ಟ ಚೀಟಿ: ವಿಟಮಿನ್ ಡಿ ಕೊರತೆ, ವಾರಕ್ಕೊಂದು ಮಾತ್ರೆ. ಆ ಸೀಸೆಯ ಸೀಲು ಒಡೆದಿರಲಿಲ್ಲ. ನಮ್ಮತ್ತೆ ಫೋನಿನಲ್ಲಿ 'ಬಿಸಿಲಿಗಾದರೂ ಹೋಗೋ' ಎಂದರೆ, 'ಈ ಊರಿನ ಚಳಿಗಾಲದ ಬಿಸಿಲಲ್ಲಿ ಯುವಿಬಿ ಇರಲ್ಲಮ್ಮ' ಎಂದು ಅವರಿಗೂ ಪಾಠ.

ಗಣೇಶನ ಹಬ್ಬದ ದಿನದ್ದನ್ನು ಹೇಳಲೇಬೇಕು. ಕನ್ನಡ ಕೂಟದ ನಾಲ್ಕಾರು ಸಂಸಾರಗಳನ್ನು ಊಟಕ್ಕೆ ಕರೆದಿದ್ದರು. ಬೆಳಿಗ್ಗೆಯೇ ಒಂದು ಸುತ್ತು ಜಗಳವಾಗಿತ್ತು. ಕುಂಡದಲ್ಲಿ ಅರಳಿದ್ದ ಒಂದೇ ಒಂದು ಕೆಂಪು ದಾಸವಾಳ ಗಣಪತಿಗೆಂದು ಅವನ ಹೆಂಡತಿ, ಅದು ಅವರ ತಿಂಡಿ ಎಂದು ಇವನು. ಈ ಜಾತಿಯ ಊಸರವಳ್ಳಿ ಎಲೆ-ಹೂವನ್ನೂ ತಿನ್ನುತ್ತದೆ. ಜಗಳ ಮುಗಿಯುವಷ್ಟರಲ್ಲಿ ತಿಂದಾಗಿತ್ತು. ಸಂಜೆ ಮಂಗಳಾರತಿಗೆ ಕರ್ಪೂರ ಹಚ್ಚುವಾಗ, ಹೊಗೆ ಅವರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲವೆಂದು ಗಣಪತಿಯನ್ನು ಮಂಟಪ ಸಮೇತ ಗ್ಯಾರೇಜಿಗೆ ಸಾಗಿಸಿದ. ಅಲ್ಲಿ ಎರಡು ಕಾರುಗಳ ನಡುವೆ ನಿಂತು ನಾವು ಜೈ ಎಂದೆವು.

ಎಲೆ ಹಾಕಿ, ಕೋಸಂಬರಿ ಬಡಿಸಿ, ಪಾಯಸ ಬರುವಷ್ಟರಲ್ಲಿ ಏಳು ಗಂಟೆ. ಟೈಮರ್ ಟಕ್ ಎಂದಿತು, ಪಂಜರದ ದೀಪ ಆರಿತು. ಅಮೆರಿಕದ ಮನೆಗಳಲ್ಲಿ ಹಾಲ್, ಊಟದ ಕೋಣೆ, ಅಡುಗೆಮನೆ ಎಲ್ಲ ಒಂದೇ ಬಯಲು. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಎಂಬ ಶಾಸ್ತ್ರಕ್ಕೆ ಭಂಗ ಬಾರದಿರಲೆಂದು ಇವನು ಎದ್ದು ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದ. ಯಾರೋ ಮೊಬೈಲ್ ಟಾರ್ಚ್ ಹಾಕಿದರೆ 'ಶ್, ಬೇಡ' ಎಂದ. ಕತ್ತಲಲ್ಲಿ ಯಾರದೋ ಕೋಸಂಬರಿಯ ಮೇಲೆ ಪಾಯಸ ಬಿತ್ತು. ಮಗಳ ಮನೆಗೆಂದು ಮಂಡ್ಯದಿಂದ ಬಂದಿದ್ದ ಅಜ್ಜಿಯೊಬ್ಬರು ಭಾರೀ ಸಂತೋಷದಿಂದ, 'ಕರೆಂಟ್ ಹೋಯ್ತಾ? ಇಲ್ಲೂ ಹೋಗುತ್ತಾ?' ಎಂದರು. ಕಾರಣ ತಿಳಿದಾಗ, 'ಅಯ್ಯೋ, ಓತಿಕ್ಯಾತಕ್ಕೋಸ್ಕರವಾ?' ಎಂದುಬಿಟ್ಟರು. ಓತಿಕ್ಯಾತವೇ ಬೇರೆ, ಊಸರವಳ್ಳಿಯೇ ಬೇರೆ ಎಂದು ನಮ್ಮ ಹುಡುಗ ಪಿಸುದನಿಯಲ್ಲಿ, ಕಾಲಿನ ಬೆರಳುಗಳಿಂದ ಹಿಡಿದು ನಾಲಿಗೆಯ ತನಕ, ಹೋಳಿಗೆ ಮುಗಿಯುವವರೆಗೂ ವ್ಯತ್ಯಾಸ ವಿವರಿಸಿದ. ತಪ್ಪಿಸಿಕೊಂಡಿದ್ದ ಚಿಮ್ಮಂಡೆಯೊಂದು ಸೋಫಾದ ಕೆಳಗಿನಿಂದ ಶ್ರುತಿ ಹಿಡಿದಿತ್ತು.

ಶಿರಾ-ಹಿರಿಯೂರು ಕಡೆ ಬೇಲಿಯ ಮೇಲೆ, ರಸ್ತೆಯಲ್ಲಿ ಇವು ಓಡಾಡುತ್ತವಲ್ಲೋ, ಪುಗಸಟ್ಟೆ ಬಿಸಿಲು ಕಾಯಿಸಿಕೊಂಡು ಆರಾಮಾಗಿವೆ ಎಂದು ನಾನೊಮ್ಮೆ ರೇಗಿಸಿದೆ. ತಟ್ಟನೆ, 'ಭಾವ, ಮುಟ್ಟಬೇಡಿ, 1972ರ ವನ್ಯಜೀವಿ ಕಾಯ್ದೆ' ಎಂದ. ನಾನೇನು ಹಿಡಿಯಲು ಹೊರಟಿದ್ದೆನೇ? ವಿಷಜಂತುವೆಂದು ಹೆದರಿ ಮಾರು ದೂರ ನಿಲ್ಲುತ್ತಿದ್ದ ಜನ ನಾವು. ಅದಕ್ಕೆ ವಿಷವೇ ಇಲ್ಲವೆಂದು ಕಲಿಸಿದವನು ಇವನೇ.

ಬೈಯುತ್ತ ಬೈಯುತ್ತಲೇ ನಾನೂ ದಿನಾ ಅದರ ಊಟದ ಹೊತ್ತಿಗೆ ಬಂದು ಕೂರುತ್ತಿದ್ದೆ. ಗೋಪುರದಂಥ ಎರಡು ಕಣ್ಣು. ಒಂದು ನನ್ನ ಕಡೆ, ಇನ್ನೊಂದು ಚಿಮ್ಮಂಡೆಯ ಕಡೆ. ಆಮೇಲೆ ನನ್ನನ್ನು ಬಿಟ್ಟು ಎರಡೂ ಚಿಮ್ಮಂಡೆಯ ಮೇಲೆ. ಬಾಯಿ ಸ್ವಲ್ಪ ತೆರೆದು ನಾಲಿಗೆಯ ದಪ್ಪ ತುದಿ ಇಣುಕುತ್ತದೆ. ಟಪ್. ಮೈಯುದ್ದಕ್ಕಿಂತ ಉದ್ದನೆಯ ನಾಲಿಗೆ ಹೋದದ್ದೂ ಕಾಣುವುದಿಲ್ಲ, ಬಂದದ್ದೂ ಕಾಣುವುದಿಲ್ಲ. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದವನು ನನ್ನ ಭಾವಮೈದ.

ಅವನು ಅದನ್ನು ಮುಟ್ಟುವುದಿಲ್ಲ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದಿನಂತೆ ಕಾಣುತ್ತದೆ, ಹಿಡಿದರೆ ಮೈ ಕಪ್ಪಿಡುತ್ತದೆ. ಜೊತೆಗೆ ಇನ್ನೊಂದನ್ನು ಬಿಡುವ ಹಾಗಿಲ್ಲ. ಕನ್ನಡಿಯಲ್ಲಿ ತನ್ನನ್ನೇ ಕಂಡರೂ ಉಬ್ಬಿ ಜಗಳಕ್ಕೆ ನಿಲ್ಲುತ್ತದೆ. ಬಣ್ಣ ಬದಲಾಗುವುದು ಅಡಗಿಕೊಳ್ಳುವುದಕ್ಕಿಂತ ಹೆಚ್ಚಾಗಿ ಸಿಟ್ಟು, ಸೆಡವು, ಚಳಿಯ ಲೆಕ್ಕದಲ್ಲಿ. ಚರ್ಮದೊಳಗಿನ ಸೂಕ್ಷ್ಮ ಹರಳುಗಳು ದೂರ ದೂರ ಸರಿದರೆ ಹಸಿರು ಹೋಗಿ ಹಳದಿ ಬರುತ್ತದೆ ಎಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ಇನ್ನೊಂದು ಜಾತಿಯ ಊಸರವಳ್ಳಿಯಲ್ಲಿ ಕಂಡುಕೊಂಡರಂತೆ. ನಮ್ಮವನು ಸಂಜೆ ಆಫೀಸು ಮುಗಿಸಿ, ಶೂ ಬಿಚ್ಚಿ, ದೂರದ ಕುರ್ಚಿಯಲ್ಲಿ ಕೂತು, ಆ ಹಸಿರು ಇವತ್ತು ಯಾವ ಹಸಿರು ಎಂದು ನೋಡುತ್ತಿರುತ್ತಾನೆ. ಅದು ಅವನನ್ನು ನೋಡಿದರೆ ಒಂದು ಕಣ್ಣಿನಿಂದ ನೋಡೀತು, ಅಷ್ಟೇ. ಅವನಿಗೆ ಅದು ಸಾಕು ಎಂದು ಕಾಣುತ್ತದೆ. ಇಷ್ಟನ್ನೂ ಬೇಡದ ಗಂಡಸರು ನನಗೆ ಹೆಚ್ಚು ಗೊತ್ತಿಲ್ಲ. ನನಗಂತೂ ಕಾಫಿ ಲೋಟ ಕೈಗೆ ಕೊಡುವಾಗ ಮುಖ ನೋಡಿ ಕೊಡಬೇಕು.

ನಾವು ಮೈಸೂರಿಗೆ ಮರಳಿದೆವು, ಪಾಠ ಮಾತ್ರ ನಿಂತಿಲ್ಲ. ಊಸರವಳ್ಳಿಯ ಮಲದ ಜೊತೆ ಬೀಳುವ ಯೂರಿಕ್ ಆಮ್ಲದ ಭಾಗ ಬೆಳ್ಳಗಿದ್ದರೆ ನೀರು ಸರಿಯಾಗಿ ಕುಡಿದಿದೆ ಎಂದರ್ಥ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ ಎಂದರ್ಥ. ಇದನ್ನು ಸಮಸ್ತ ಬಂಧುಬಳಗಕ್ಕೂ ತಿಳಿಸುವುದು ಕರ್ತವ್ಯವೆಂದು ಬಗೆದು, ಆಗಾಗ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿಳಿ ಕಾಗದದ ಮೇಲಿಟ್ಟು ತೆಗೆದ ಫೋಟೋ ಹಾಕುತ್ತಾನೆ, 'ಎಷ್ಟು ಬೆಳ್ಳಗಿದೆ ನೋಡಿ!' ಎಂಬ ಒಕ್ಕಣೆಯೊಡನೆ. ಅತ್ತೆ ಕೈಮುಗಿಯುವ ಚಿತ್ರ ಕಳಿಸುತ್ತಾರೆ. ಮೊನ್ನೆ ಹೆಂಡತಿಯ ಚಿಕ್ಕಪ್ಪ, ಕನ್ನಡಕ ಹಾಕಿಕೊಳ್ಳದೆ ನೋಡಿರಬೇಕು, 'ಬಹಳ ಚೆನ್ನಾಗಿ ಬಂದಿದೆ, ಮಾಡುವ ವಿಧಾನ ಕಳಿಸು' ಎಂದು ಬರೆದಿದ್ದಾರೆ.