ಅಜ್ಜಿಯ ವಯಸ್ಸೆಷ್ಟು?

ಹಿರಿಯಜ್ಜಿ ತೀರಿಕೊಂಡ ಮನೆಗೆ ಬಂದವರೆಲ್ಲ ಮೊದಲು ಕೇಳುವುದು ವಯಸ್ಸನ್ನು. ಮಗ ತೊಂಬತ್ತೆರಡು ಅಂದರೆ ಸೊಸೆ ತೊಂಬತ್ತೈದು ಅನ್ನುತ್ತಾಳೆ. ವೈಕುಂಠ ಸಮಾರಾಧನೆಯ ಹೊತ್ತಿಗೆ ನೂರು ದಾಟಿರುತ್ತದೆ. ಇದು ಸುಳ್ಳಲ್ಲವೇ ಎಂದು ಆಧಾರ್ ಕಾರ್ಡ್ ತೋರಿಸುವವರುಂಟು. ಆದರೆ ಆ ಕಾರ್ಡಿನ ಪ್ರಕಾರ ಊರಿನ ಎಷ್ಟೋ ಅಜ್ಜಿಯರು ಜನವರಿ 1ರಂದೇ ಹುಟ್ಟಿದ್ದಾರೆ! ಜನನ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚಿನವರಿಗೆ 1924ರ ಕಾವೇರಿ ಪ್ರವಾಹ, ಗಾಂಧೀಜಿ ನಂದಿಬೆಟ್ಟದಲ್ಲಿ ತಂಗಿದ್ದ 1927, ಕನ್ನಂಬಾಡಿ ಕಟ್ಟೆ, ಇವೇ ಜನನ ಪತ್ರ. ‘ಕಟ್ಟೆ ಮುಗಿದಾಗ ಅಂಬೆಗಾಲಿಡುತ್ತಿದ್ದಳು’ ಎಂಬ ಸಾಕ್ಷಿ, ಗುಮಾಸ್ತರು ಅಂದಾಜಿಗೆ ಬರೆದ ತಾರೀಖಿಗಿಂತ ಗಟ್ಟಿ. ಎರಡು ಮೂರು ವರ್ಷ ಹೆಚ್ಚುಕಮ್ಮಿ ಆದೀತು, ನಿಜ. ಪಿಂಚಣಿ ಕಚೇರಿಯವರನ್ನು ಬಿಟ್ಟರೆ ಅದರಿಂದ ಯಾರಿಗೂ ತಲೆನೋವಿಲ್ಲ. ನಿಮ್ಮಜ್ಜಿ ಇನ್ನೂ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.